ವೇಗದ ಬೌಲರ್‌ಗೆ ಎಷ್ಟು ಓವರ್ ಸಾಕು?

ಕ್ಯಾಲನೂರಿನ ಫಾಸ್ಟ್ ಬೌಲರ್‌ಗಳೇ, ಟೂರ್ನಮೆಂಟ್ ಅಂದ್ರೆ ಒಂದೇ ದಿನ ಮೂರು ಮ್ಯಾಚ್ ಆಡ್ತೀರಾ? ಹಾಗಾದ್ರೆ ಇದನ್ನ ಕೇಳಿ.

2024-25ರ ಆಸ್ಟ್ರೇಲಿಯಾ ಸರಣಿ. ಜಸ್‌ಪ್ರೀತ್ ಬೂಮ್ರಾ ಐದು ಟೆಸ್ಟ್‌ನಲ್ಲಿ 150ಕ್ಕೂ ಹೆಚ್ಚು ಓವರ್ ಹಾಕಿ 32 ವಿಕೆಟ್ ತೆಗೆದ್ರು. ಕೊನೆಗೆ ಸಿಡ್ನಿಯಲ್ಲಿ ಬೆನ್ನು ಹಿಡ್ಕೊಳ್ತು, ಎರಡನೇ ಇನಿಂಗ್ಸ್‌ನಲ್ಲಿ ಬೌಲಿಂಗೇ ಮಾಡ್ಲಿಲ್ಲ. ಅದಾದ್ಮೇಲೆ ಇಂಗ್ಲೆಂಡ್ ಪ್ರವಾಸದಲ್ಲಿ ಐದರಲ್ಲಿ ಮೂರೇ ಟೆಸ್ಟ್ ಆಡಿದ್ರು.

ನಮ್ಮ ಕರ್ನಾಟಕದ ಪ್ರಸಿದ್ಧ್ ಕೃಷ್ಣ ಬೆನ್ನುಮೂಳೆಯ ಬಿರುಕಿನಿಂದಾಗಿ 2023ರ ಐಪಿಎಲ್ ಪೂರ್ತಿ ಆಡ್ಲಿಲ್ಲ.

ಯಾಕೆ ಹೀಗೆ? ಬಾಲ್ ಬಿಡುವಾಗ ಮುಂಗಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತೆ. ಅದೇ ಕ್ಷಣ ಸೊಂಟ ಬಾಗುತ್ತೆ, ತಿರುಚುತ್ತೆ. ಮೂಳೆಗೆ ಸುಧಾರಿಸಿಕೊಳ್ಳೋಕೆ ಬಿಡುವು ಸಿಗದಿದ್ರೆ ಬಿರುಕು ಬಿಡುತ್ತೆ. ಹದಿಹರೆಯದವರ ಮೂಳೆ ಇನ್ನೂ ಬಲಿತಿರಲ್ಲ, ಅವರಿಗೆ ಅಪಾಯ ಹೆಚ್ಚು.

ಏನ್ಮಾಡ್ಬೇಕು? ಒಂದು, ನೆಟ್ಸ್‌ನಲ್ಲಿ ಹಾಕಿದ ಬಾಲನ್ನೂ ಲೆಕ್ಕ ಇಡಿ. ಎರಡು, ವಾರದ ಓವರ್‌ಗಳನ್ನ ಒಮ್ಮೆಲೇ ದುಪ್ಪಟ್ಟು ಮಾಡ್ಬೇಡಿ. ಮೂರು, ಬೌಲ್ ಮಾಡುವಾಗ ಸೊಂಟದ ಒಂದೇ ಕಡೆ ನೋವು ಬಂದ್ರೆ ನಿಲ್ಲಿಸಿ, ಡಾಕ್ಟರ್‌ಗೆ ತೋರಿಸಿ.

ಕ್ಯಾಪ್ಟನ್‌ಗಳೇ, ಚೆನ್ನಾಗಿ ಹಾಕೋ ಹುಡುಗನ ಕೈಗೇ ಪ್ರತಿ ಸಲ ಬಾಲ್ ಕೊಡ್ಬೇಡಿ. ಮುಂದಿನ ಸೀಸನ್‌ಗೂ ಅವನು ಬೇಕು!