ಅಂಟವಾಳದ ನೊರೆ ಮತ್ತು ಲಸಿಕೆಯ ಸೂಜಿ

ಬೆಳ್ಳಿ ಗೆಜ್ಜೆ ತೊಳೆಯಲು, ರೇಷ್ಮೆ ಸೀರೆ ಒಗೆಯಲು ನಮ್ಮ ಮುಗದದ ಅಜ್ಜಿಯರಿಗೆ ಅಂಟವಾಳಕಾಯಿಯೇ ಆಗಬೇಕು. ನೆನೆಹಾಕಿ ಕಿವುಚಿದರೆ ಬುರುಬುರು ನೊರೆ! ಮಕ್ಕಳೇ, ಆ ನೊರೆ ಬರಿಸುವ ವಸ್ತುವಿನ ಹೆಸರು ಸಪೋನಿನ್. ಸೀಗೆಕಾಯಿಯಲ್ಲೂ ಅದು ಇದೆ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದವನು. ಎಪ್ಪತ್ತು ದಾಟಿದ ಮೇಲೆ ವೈದ್ಯರು ಸರ್ಪಸುತ್ತಿನ ಲಸಿಕೆಯ ಮಾತೆತ್ತಿದರು. ಅದರಲ್ಲಿ ಏನಿದೆ ಎಂದು ಓದುತ್ತ ಹೋದಾಗ ಸಿಕ್ಕಿದ್ದು ಇದೇ ಸಪೋನಿನ್. ಆದರೆ ನಮ್ಮ ಅಂಟವಾಳದ್ದಲ್ಲ, ದಕ್ಷಿಣ ಅಮೆರಿಕದ ಚಿಲಿ ದೇಶದ ಕ್ವಿಲ್ಲಾಯಾ ಮರದ ತೊಗಟೆಯದು.

ಲಸಿಕೆಯಲ್ಲಿ ನೊರೆಕಾಯಿಗೇನು ಕೆಲಸ? ಲಸಿಕೆಯೆಂದರೆ ಕಳ್ಳನ ಭಾವಚಿತ್ರ. ಚಿತ್ರ ತೋರಿಸಿದರೆ ಸಾಲದು, ಮಲಗಿರುವ ಕಾವಲುಗಾರನನ್ನು ಎಬ್ಬಿಸಲೂ ಬೇಕು. ಹಾಗೆ ಎಬ್ಬಿಸುವ ಸಹಾಯಕ ವಸ್ತುವಿಗೆ ಅಡ್ಜುವೆಂಟ್ ಎನ್ನುತ್ತಾರೆ. ಸುಮಾರು 1925ರಲ್ಲಿ ಫ್ರಾನ್ಸಿನ ಪಶುವೈದ್ಯ ಗ್ಯಾಸ್ಟನ್ ರಾಮೋನ್, ಕುದುರೆಗಳ ಲಸಿಕೆಗೆ ಸಾಬೂದಾಣಿಯ ಮೂಲವಾದ ಟ್ಯಾಪಿಯೋಕಾ ಬೆರೆಸಿದಾಗ ಅವುಗಳ ರೋಗನಿರೋಧಕ ಶಕ್ತಿ ಹೆಚ್ಚಿದ್ದನ್ನು ಕಂಡರು. ದನಗಳಿಗೆ ಹಾಕುವ ಕಾಲುಬಾಯಿ ಬೇನೆಯ ಕೆಲವು ಲಸಿಕೆಗಳಲ್ಲೂ ಸಪೋನಿನ್ ಇರುತ್ತದೆ.

ಆದರೆ ಸಪೋನಿನ್ ಸಾಧುವಲ್ಲ. ಅದರ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು ಇಷ್ಟ. ಹಾಗಾಗಿಯೇ ಕೊಳೆ ಬಿಡಿಸುತ್ತದೆ. ನೇರವಾಗಿ ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣಗಳ ಪೊರೆಯನ್ನೇ ಒಡೆಯುತ್ತದೆ. ಹಸಿಮಣ್ಣಿನಲ್ಲಿ ನೀರು ತುಂಬಿಡಲಾಗದು. ನಮ್ಮೂರ ಕುಂಬಾರರ ಕೈಯಲ್ಲಿ ಅದೇ ಮಣ್ಣು ಗಡಿಗೆಯಾಗುತ್ತದೆ. ಹಾಗೆಯೇ 1984ರಲ್ಲಿ ಸ್ವೀಡನ್ನಿನ ಬ್ರೋರ್ ಮೊರೈನ್ ಮತ್ತು ಸಂಗಡಿಗರು ಸಪೋನಿನ್ನಿಗೆ ಕೊಲೆಸ್ಟರಾಲ್ ಕೂಡಿಸಿ ಪಂಜರದಂಥ ಸೂಕ್ಷ್ಮ ಕಣಗಳನ್ನು ಮಾಡಿದರು. ಅದರಿಂದ ಸಪೋನಿನ್ನಿನ ಉಪಟಳ ತಗ್ಗಿತು, ಎಬ್ಬಿಸುವ ಗುಣ ಉಳಿಯಿತು. ಒಂದು ಕಣ ಸುಮಾರು 40 ನ್ಯಾನೋಮೀಟರ್. ಬ್ಯಾಂಕಿನವನ ಲೆಕ್ಕ ಕೇಳಿ: 25,000 ಕಣ ಸಾಲಾಗಿ ನಿಲ್ಲಿಸಿದರೆ ಒಂದೇ ಒಂದು ಮಿಲಿಮೀಟರ್! ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಕೊವೊವ್ಯಾಕ್ಸ್ ಮತ್ತು ಮಲೇರಿಯಾದ ಆರ್21 ಲಸಿಕೆಗಳಲ್ಲಿ ಇಂಥ ಕಣಗಳಿವೆ.

ಈಗ ವಿಜ್ಞಾನಿಗಳ ಕಣ್ಣು ಕ್ಯಾನ್ಸರ್ ಮೇಲೆ. ಅಲ್ಲಿ ಕಳ್ಳ ಹೊರಗಿನವನಲ್ಲ, ಮನೆಯವನದೇ ವೇಷ. ನಮ್ಮದೇ ಜೀವಕೋಶ ಕೆಟ್ಟಿರುತ್ತದೆ. ಕಾವಲುಗಾರನಿಗೆ ಗುರುತೇ ಸಿಗುವುದಿಲ್ಲ. ಅದಕ್ಕೇ ಜೋರಾಗಿ ಎಬ್ಬಿಸುವವರು ಬೇಕು. ಹಾದಿ ಸುಲಭವಲ್ಲ. ಸಪೋನಿನ್ ಇದ್ದ ಶ್ವಾಸಕೋಶದ ಕ್ಯಾನ್ಸರಿನ ಒಂದು ಲಸಿಕೆಯನ್ನು 2,000ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದರು. 2014ರಲ್ಲಿ ಅದು ಫಲ ಕೊಡಲಿಲ್ಲವೆಂದು ಗೊತ್ತಾಯಿತು. ಆದರೂ ಹೊಸ ನ್ಯಾನೋ ಕಣಗಳ ಪ್ರಯೋಗ ನಿಂತಿಲ್ಲ.

ತೊಗಟೆಗಾಗಿ ಮರ ಬರಿದಾದೀತೆಂಬ ಚಿಂತೆಯೂ ಇತ್ತು. 2024ರಲ್ಲಿ ವಿಜ್ಞಾನಿಗಳು ಯೀಸ್ಟಿನಿಂದಲೇ ಈ ಸಪೋನಿನ್ ಮಾಡಿಸಿದರು. ಬ್ರೆಡ್ಡು ಉಬ್ಬಿಸುವ ಯೀಸ್ಟು ಗೊತ್ತಲ್ಲ, ಅದೇ.

ಹಿರಿಯರಿಗೊಂದು ಮಾತು. ಇದನ್ನು ಓದಿ ಅಂಟವಾಳದ ಕಷಾಯ ಕುಡಿಯಲು ಹೋಗಬೇಡಿ; ಅದು ಕ್ಯಾನ್ಸರಿನ ಔಷಧಿಯಲ್ಲ, ಹೊಟ್ಟೆ ಕೆಡಿಸುತ್ತದೆ. ಮೈಯಲ್ಲಿ ಗಂಟು, ವಾಸಿಯಾಗದ ಹುಣ್ಣು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಿಗೆ ತೋರಿಸಿ. ಮಕ್ಕಳೇ, ಅಜ್ಜ ಅಜ್ಜಿ ನಾಳೆ, ನಾಡಿದ್ದು ಎಂದು ಮುಂದೂಡಿದರೆ ಕೈಹಿಡಿದು ಕರೆದುಕೊಂಡು ಹೋಗುವ ಕೆಲಸ ನಿಮ್ಮದು.