ನೀರು ಪರೀಕ್ಷೆ ಮಾಡುವವರಿಗೂ ಕೆಲಸ ಉಂಟು

ಪಿಯುಸಿ ಫಲಿತಾಂಶ ಬಂದ ವಾರ ಹೆತ್ತವರು ಕೇಳುವುದು ಒಂದೇ ಪ್ರಶ್ನೆ. “ಉಸ್ತಾದ್, ಮಗನನ್ನು ಯಾವುದಕ್ಕೆ ಸೇರಿಸುವುದು?” ಉತ್ತರವನ್ನೂ ಅವರೇ ತಂದಿರುತ್ತಾರೆ: ಆರು ತಿಂಗಳ ಫೈರ್ ಆ್ಯಂಡ್ ಸೇಫ್ಟಿ, ಮತ್ತೆ ಗಲ್ಫ್. ಅಲ್ಲಿನ ಕಂಪನಿಗಳ ಜಾಹೀರಾತಿನಲ್ಲಿ ‘ಎಚ್‌ಎಸ್‌ಇ’ ಎಂದಿರುತ್ತದೆ. ಅದರ ‘ಇ’ ಎಂದರೆ ಪರಿಸರ. ನಮ್ಮ ಹುಡುಗರು ‘ಎಸ್’ ಮಾತ್ರ ಕಲಿತು ವಿಮಾನ ಹತ್ತುತ್ತಾರೆ!

ಆ ‘ಇ’ಗೆ ಮಂಗಳೂರಲ್ಲೇ ಕೆಲಸ ಉಂಟು. ಕಾರ್ಖಾನೆ, ಆಸ್ಪತ್ರೆ, ದೊಡ್ಡ ಅಪಾರ್ಟ್‌ಮೆಂಟ್‌ಗಳಿಗೆ 1974ರ ಜಲ ಕಾಯ್ದೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಕಟ್ಟುವ ಮೊದಲು ಒಂದು, ನಡೆಸಲು ಇನ್ನೊಂದು. ಅದರ ಷರತ್ತು ಪಾಲನೆಯಾಗುತ್ತಿದೆಯೇ ಎಂದು ನೋಡಲು, ನೀರಿನ ಮಾದರಿ ತೆಗೆಯಲು, ಕಾರ್ಖಾನೆಯ ವಾರ್ಷಿಕ ಪರಿಸರ ವರದಿಯನ್ನು ಸೆಪ್ಟೆಂಬರ್ 30ರೊಳಗೆ ಕೊಡಲು ಓದಿದವರು ಬೇಕು.

ನಾವು ಬಣ್ಣ, ವಾಸನೆ ನೋಡಿ ನೀರು ಸರಿ ಉಂಟು ಅಂತೇವೆ. ಲ್ಯಾಬ್ ಹಾಗೆ ಒಪ್ಪುವುದಿಲ್ಲ. ಬಿಒಡಿ ಎಂಬ ಪರೀಕ್ಷೆಗೆ ನೀರನ್ನು ಬಾಟಲಿಯಲ್ಲಿ ಮುಚ್ಚಿ 27 ಡಿಗ್ರಿ ಉಷ್ಣತೆಯಲ್ಲಿ 3 ದಿನ ಇಡುತ್ತಾರೆ. ಕೊಳೆ ತಿನ್ನಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸಿದವು ಎಂಬುದೇ ಲೆಕ್ಕ. ನದಿಗೆ ಬಿಡುವ ಕಾರ್ಖಾನೆ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ.

ಕಷ್ಟ ಇರುವುದು ಪರೀಕ್ಷೆಯಲ್ಲಲ್ಲ, ಸಹಿಯಲ್ಲಿ. ಕೊಳಚೆ ಶುದ್ಧೀಕರಣ ಘಟಕಕ್ಕೆ ಗಾಳಿ ಊದುವ ಯಂತ್ರ ಹಗಲು ರಾತ್ರಿ ಓಡಬೇಕು. ಕರೆಂಟ್ ಬಿಲ್ ಉಳಿಸಲು ರಾತ್ರಿ ಆಫ್ ಮಾಡಿಸುವ ಯಜಮಾನರೂ ಇದ್ದಾರೆ. ಗಾಳಿ ಇಲ್ಲದೆ ಉಪಕಾರಿ ಜೀವಿಗಳು ಸತ್ತು ನೀರು ಕೊಳೆಯುತ್ತದೆ. ಆಗ “ವರದಿಯಲ್ಲಿ ಸರಿ ಉಂಟು ಅಂತ ಬರಿ” ಎಂದರೆ ಸಂಬಳಕ್ಕಿರುವ ಹುಡುಗ ಏನು ಮಾಡಬೇಕು? ಕೆಲಸಕ್ಕೆ ಸೇರುವ ಮೊದಲೇ ಇದನ್ನು ಮನೆಯಲ್ಲಿ ಮಾತಾಡಿಕೊಳ್ಳಿ. ಸಹಿ ಅವನದ್ದು, ನೀರು ಕೆಳಗಿನ ಊರಿನವರ ಬಾವಿಗೆ.

ಇನ್ನೊಂದು ದಾರಿ ಸಂಶೋಧನೆ. ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಮಂಗಳೂರಿಗೆ 2019ರ ಮೇಯಲ್ಲಿ ಸರದಿಯಂತೆ ನೀರು ಬಿಡಬೇಕಾಯಿತು, ತುಂಬೆ ಡ್ಯಾಮಲ್ಲಿ ನೀರಿಳಿದಿತ್ತು. ಮಳೆನೀರೆಲ್ಲ ಎಲ್ಲಿ ಹೋಗುತ್ತದೆ, ಪೈಪಿನಲ್ಲಿ ಎಷ್ಟು ಸೋರುತ್ತದೆ, ಕಡಲ ಬದಿಯ ಬಾವಿಗೆ ಉಪ್ಪು ಎಷ್ಟು ದೂರ ಬಂತು? ಇದನ್ನೆಲ್ಲ ಅಳೆದು ಹೇಳುವವರು ಬೇಕು.

ವಿಜ್ಞಾನ ಪಿಯುಸಿ ನಂತರ ಬಿಎಸ್ಸಿಯಲ್ಲಿ ರಸಾಯನಶಾಸ್ತ್ರವೋ ಸೂಕ್ಷ್ಮಜೀವಶಾಸ್ತ್ರವೋ ಓದಿ, ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಮಾಡಬಹುದು. ಸಿವಿಲ್ ಎಂಜಿನಿಯರಿಂಗ್ ಓದಿದವರು ಗೇಟ್ ಬರೆದರೆ ಸುರತ್ಕಲ್ ಎನ್‌ಐಟಿಕೆಯಲ್ಲೇ ಪರಿಸರ ಎಂಜಿನಿಯರಿಂಗ್ ಎಂ.ಟೆಕ್ ಉಂಟು. ಯುಜಿಸಿ ನೆಟ್‌ನಲ್ಲಿ ಪರಿಸರ ವಿಜ್ಞಾನವೂ ಒಂದು ವಿಷಯ. ಅದರಲ್ಲಿ ಜೆಆರ್‌ಎಫ್ ಸಿಕ್ಕಿ ಪಿಎಚ್‌ಡಿಗೆ ಸೇರಿದರೆ ತಿಂಗಳಿಗೆ 37,000 ರೂಪಾಯಿ.

ಮತ್ತೆ, ಲ್ಯಾಬ್ ಕೆಲಸ ಗಂಡುಮಕ್ಕಳಿಗೇ ಎಂದೇನಿಲ್ಲ. ಬಿಎಸ್ಸಿ ಮುಗಿಸಿ ಮನೆಯಲ್ಲೇ ಇರುವ ಹೆಣ್ಣುಮಕ್ಕಳು ನಮ್ಮ ಓಣಿಯಲ್ಲೇ ಎಷ್ಟು ಮಂದಿ ಇದ್ದಾರೆ! ಈ ವರ್ಷ ಅವರನ್ನೂ ಒಮ್ಮೆ ಕೇಳಿ ನೋಡಿ.