ಜನಾಭಿಪ್ರಾಯವನ್ನು ಕೇಳುವ ಹೊತ್ತು

ವಾಯುಗುಣದ ವ್ಯತ್ಯಾಸ, ವಿದ್ಯುಚ್ಛಕ್ತಿಯ ಧೋರಣೆ ಮೊದಲಾದ ದೊಡ್ಡ ವಿಷಯಗಳಲ್ಲಿ ನಮ್ಮ ಸಾಮಾನ್ಯ ಜನಕ್ಕೆ ಅಭಿಪ್ರಾಯವೆಂಬುದೇ ಇಲ್ಲ, ಇದ್ದರೂ ಅದು ಕೇಳತಕ್ಕಷ್ಟು ಪಕ್ವವಾದುದಲ್ಲ ಎಂದು ಹೇಳುವವರು ಅಧಿಕಾರಿವರ್ಗದಲ್ಲಿಯೂ ಓದಿದವರ ಗುಂಪಿನಲ್ಲಿಯೂ ಹಲವರಿದ್ದಾರೆ. ಅವರ ಮಾತಿಗೆ ಆಧಾರವೇ ಇಲ್ಲವೆಂದು ನಾವು ಹೇಳಲಾರೆವು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ೨೦೨೧ರ ಅಕ್ಟೋಬರದಿಂದ ೨೦೨೨ರ ಜನವರಿಯವರೆಗೆ ಭಾರತದಲ್ಲಿ ೪,೬೧೯ ಮಂದಿ ವಯಸ್ಕರನ್ನು ಪ್ರಶ್ನಿಸಿ ಅಭಿಪ್ರಾಯ ಸಂಗ್ರಹಿಸಿದರು. ಭೂಮಿಯ ತಾಪವೇರಿಕೆಯ ವಿಷಯವನ್ನು ತಾವು ಕೇಳಿಯೇ ಇಲ್ಲವೆಂದೋ, ಅತ್ಯಲ್ಪವಾಗಿ ಮಾತ್ರ ಬಲ್ಲೆವೆಂದೋ ಉತ್ತರವಿತ್ತವರು ನೂರಕ್ಕೆ ೫೪ ಮಂದಿ. ಆದರೆ ಆ ಪರೀಕ್ಷೆಯು ಅಲ್ಲಿಗೇ ಮುಗಿಯಲಿಲ್ಲ. ತಾಪವೇರಿಕೆಯೆಂದರೆ ಇಂಥದೆಂದು ಎರಡು ಮಾತಿನಲ್ಲಿ ತಿಳಿಸಿ ಮತ್ತೆ ಕೇಳಿದಾಗ, ಅಹುದು, ಇದು ನಡೆಯುತ್ತಲಿದೆ ಎಂದವರು ನೂರಕ್ಕೆ ೮೪ ಮಂದಿ. ಹೆಸರು ತಿಳಿಯದವರಿಗೆ ವಸ್ತುವು ಚೆನ್ನಾಗಿ ತಿಳಿದಿತ್ತೆಂಬುದೇ ಇದರ ತಾತ್ಪರ್ಯವು.

ತಿಳಿಯದೆ ಇರುವುದಾದರೂ ಹೇಗೆ? ಮೃಗಶಿರೆಯಲ್ಲಿ ಬಿತ್ತಿ, ಆರಿದ್ರೆಯ ಮಳೆಯನ್ನು ನಂಬಿ, ಸ್ವಾತಿಯವರೆಗೆ ಆಕಾಶವನ್ನು ನೋಡುತ್ತ ಬದುಕುವ ಒಕ್ಕಲಿಗನಿಗೆ ಮಳೆಯು ತನ್ನ ನಕ್ಷತ್ರವನ್ನು ಬಿಟ್ಟು ನಡೆಯುತ್ತಿದೆಯೆಂಬುದನ್ನು ಪಂಡಿತರು ಬಂದು ಹೇಳಬೇಕಾಗಿಲ್ಲ. ೨೦೨೩ರಲ್ಲಿ ನಮ್ಮ ರಾಜ್ಯದ ೨೩೬ ತಾಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸರಕಾರವೇ ಸಾರಬೇಕಾಯಿತು. ಆ ವರ್ಷದ ಶರತ್ಕಾಲದಲ್ಲಿಯೇ ವಿದ್ಯುತ್ತಿನ ಅಭಾವವೂ ತಲೆದೋರಿತು. ಮಳೆಯಿಲ್ಲದ್ದರಿಂದ ಜಲಾಶಯಗಳು ತುಂಬಲಿಲ್ಲ. ಅದೇ ಕಾರಣದಿಂದ ಬಾವಿಯ ಪಂಪುಗಳು ಮಳೆಗಾಲದಲ್ಲಿಯೂ ಬಿಡುವಿಲ್ಲದೆ ಓಡಿದವು. ಹುಟ್ಟುವ ಶಕ್ತಿ ಕಡಿಮೆಯಾಗಿ ಬೇಡುವ ಶಕ್ತಿ ಹೆಚ್ಚಿತು. ಉತ್ತರ ಪ್ರದೇಶ, ಪಂಜಾಬ ಪ್ರಾಂತಗಳಿಂದ ಮುಂದೆ ಹಿಂದಿರುಗಿಸುವ ಕರಾರಿನ ಮೇಲೆ ವಿದ್ಯುತ್ತನ್ನು ಕಡ ತರುವ ಪ್ರಸಂಗ ಬಂದೊದಗಿತು. ವಾಯುಗುಣವೂ ವಿದ್ಯುತ್ತೂ ಎರಡು ಬೇರೆ ಇಲಾಖೆಗಳ ವಿಷಯವೆಂದು ಬೆಂಗಳೂರಿನ ಕಚೇರಿಗಳಲ್ಲಿ ತೋರಬಹುದು. ರಾತ್ರಿ ಎರಡು ಗಂಟೆಗೆ ಎದ್ದು ಪಂಪು ಹಚ್ಚಲು ಹೋಗುವವನಿಗೆ ಅವು ಒಂದೇ.

ಜನಕ್ಕೆ ಅಭಿಪ್ರಾಯವಿದೆ. ಅದನ್ನು ಯಾವ ಹೊತ್ತಿನಲ್ಲಿ, ಯಾವ ಭಾಷೆಯಲ್ಲಿ, ಯಾರನ್ನು ಕೇಳುತ್ತಾರೆಂಬುದೇ ಈಗಿನ ಪ್ರಶ್ನೆ.

ಕೇಳಬೇಕೆಂದು ಕಾನೂನೇನೋ ಇದೆ. ಭಾರತ ಸರಕಾರದವರು ೨೦೦೬ನೆಯ ಇಸವಿ ಸೆಪ್ಟೆಂಬರ ೧೪ರಂದು ಹೊರಡಿಸಿದ ಪರಿಸರ ಪರಿಣಾಮದ ಅಧಿಸೂಚನೆಯ ಮೇರೆಗೆ, ದೊಡ್ಡ ಯೋಜನೆಗಳಿಗೆ ಅನುಮತಿ ಕೊಡುವ ಮುನ್ನ ಸ್ಥಳದಲ್ಲಿಯೇ ಸಾರ್ವಜನಿಕ ಅಹವಾಲು ಸಭೆ ನಡೆಯತಕ್ಕದ್ದು. ಮಾಲಿನ್ಯ ನಿಯಂತ್ರಣ ಮಂಡಳಿಯವರು ಮೂವತ್ತು ದಿವಸ ಮುಂಚಿತವಾಗಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಜಿಲ್ಲಾಧಿಕಾರಿಯೋ ಅವರ ಪ್ರತಿನಿಧಿಯೋ ಅಧ್ಯಕ್ಷತೆ ವಹಿಸಬೇಕು. ಆಡಿದ ಮಾತುಗಳನ್ನೆಲ್ಲ ಬರೆದುಕೊಂಡು, ಚಿತ್ರೀಕರಿಸಿ, ಮೇಲಿನವರಿಗೆ ಕಳುಹಿಸಬೇಕು. ಇಷ್ಟರವರೆಗೆ ಒಪ್ಪತಕ್ಕದ್ದೇ. ಆದರೆ ಅದೇ ಅಧಿಸೂಚನೆಯಲ್ಲಿ ಇನ್ನೊಂದು ಮಾತಿದೆ: ಸಭೆಯನ್ನು ಆರಂಭಿಸಲಿಕ್ಕೆ ಇಂತಿಷ್ಟು ಜನ ಇರಲೇಬೇಕೆಂಬ ನಿಯಮವಿಲ್ಲ. ಊರಿನ ಸಹಕಾರಿ ಸಂಘದ ವಾರ್ಷಿಕ ಸಭೆಗೂ ಕೋರಮ್ಮು ಬೇಕು. ಊರು ಉಳಿಯಬೇಕೋ ಬೇಡವೋ ಎಂಬ ಸಭೆಗೆ ಬೇಡ. ಅಲ್ಲಿ ಮತಗಣನೆಯೂ ಇಲ್ಲ. ಬಂದವರೆಲ್ಲರೂ ಬೇಡವೆಂದರೂ ಆ ಬೇಡವು ಕಡತದಲ್ಲಿ ಸೇರಿ ದಿಲ್ಲಿಯ ತಜ್ಞ ಸಮಿತಿಯ ಮೇಜಿಗೆ ಹೋಗುತ್ತದೆ, ಅಷ್ಟೆ.

ಭಾಷೆಯ ವಿಷಯವನ್ನಂತೂ ಕನ್ನಡ ಪತ್ರಿಕೆಯೊಂದು ಮರೆತು ಮುಂದೆ ಹೋಗುವ ಹಾಗಿಲ್ಲ. ನಿಯಮದ ಪ್ರಕಾರ ದೇಶಭಾಷೆಯಲ್ಲಿ ಕೊಡಬೇಕಾದದ್ದು ವರದಿಯ ಸಂಗ್ರಹವನ್ನು ಮಾತ್ರ. ಮೂಲ ವರದಿಯು ನೂರಾರು ಪುಟಗಳ ಇಂಗ್ಲಿಷಿನಲ್ಲಿರುತ್ತದೆ. ಯಾವ ಹಳ್ಳದ ದಿಕ್ಕು ತಪ್ಪುವುದು, ಸಿಡಿಮದ್ದಿನ ಪೆಟ್ಟು ಯಾವ ಗುಡ್ಡಕ್ಕೆ ತಗಲುವುದು, ಅಗೆದ ಮಣ್ಣನ್ನು ಎಲ್ಲಿ ಸುರಿಯುವುದು ಇವೆಲ್ಲವೂ ಆ ಪುಟಗಳಲ್ಲಿಯೇ ಅಡಗಿರುತ್ತವೆ. ೨೦೨೦ರಲ್ಲಿ ಇದೇ ಅಧಿಸೂಚನೆಯನ್ನು ತಿದ್ದಲು ಹೊರಟ ಕೇಂದ್ರ ಸರಕಾರದವರು ಮೂವತ್ತು ದಿವಸದ ಅವಧಿಯನ್ನು ಇಪ್ಪತ್ತಕ್ಕೆ ಇಳಿಸುವ ಕರಡನ್ನು ಪ್ರಕಟಿಸಿದರು; ದೇಶಭಾಷೆಗಳಲ್ಲಿ ಅದನ್ನು ಪ್ರಚುರಪಡಿಸದೆ ಮುಂದುವರಿಯಕೂಡದೆಂದು ನಮ್ಮ ಉಚ್ಚ ನ್ಯಾಯಾಲಯವು ಆ ವರ್ಷದ ಆಗಸ್ಟಿನಲ್ಲಿ ತಡೆಯಾಜ್ಞೆ ಕೊಡಬೇಕಾಯಿತು. ಜನರ ಅಭಿಪ್ರಾಯವನ್ನು ಜನರ ನುಡಿಯಲ್ಲಿ ಕೇಳಿರೆಂದು ಹೇಳಲಿಕ್ಕೆ ನ್ಯಾಯಾಧೀಶರೇ ಬೇಕಾದರು!

ಈ ಮಾತುಗಳನ್ನೆಲ್ಲ ಶರಾವತಿಯ ಕಣಿವೆಗೆ ಅನ್ವಯಿಸಿ ನೋಡೋಣ. ೧೯೪೮ರಲ್ಲಿ ಜೋಗದ ಬುಡದಲ್ಲಿ ವಿದ್ಯುದಾಗಾರವು ಆರಂಭವಾಯಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿಯಿತು. ಅಲ್ಲಿ ಹುಟ್ಟಿದ ೧,೦೩೫ ಮೆಗಾವಾಟ್ ಸಾಮರ್ಥ್ಯವು ದಶಕಗಳ ಕಾಲ ಕನ್ನಡನಾಡಿನ ಕಾರಖಾನೆಗಳನ್ನೂ ಪಟ್ಟಣಗಳನ್ನೂ ಸಲಹಿತು. ಅದಕ್ಕಾಗಿ ಸಾವಿರಾರು ಕುಟುಂಬಗಳು ತೋಟ, ಗದ್ದೆ, ದೇವಸ್ಥಾನಗಳನ್ನು ನೀರಿಗೆ ಒಪ್ಪಿಸಿ ಎದ್ದು ಹೋದವು. ಅವರ ಪೈಕಿ ಬಹುಜನರು ಕಾಡಿನಂಚಿನಲ್ಲಿ ತಾವು ಉಳುವ ನೆಲಕ್ಕೆ ಹಕ್ಕುಪತ್ರಕ್ಕಾಗಿ ಅರವತ್ತು ವರ್ಷಗಳ ತರುವಾಯವೂ ಕಚೇರಿಗಳನ್ನು ಸುತ್ತುತ್ತಿದ್ದಾರೆ. ಹಿನ್ನೀರಿನ ಆಚೆ ಉಳಿದ ಊರುಗಳವರು ಅಂಬಾರಗೋಡ್ಲು-ಕಳಸವಳ್ಳಿಯ ನಡುವೆ ಲಾಂಚಿನ ದಾರಿ ಕಾಯುತ್ತ ಎರಡು ತಲೆಮಾರು ಕಳೆದರು. ಸೇತುವೆಯು ತೆರೆದದ್ದು ೨೦೨೫ರ ಜುಲೈ ತಿಂಗಳಲ್ಲಿ. ರೋಗಿಯನ್ನೋ ಬಸುರಿಯನ್ನೋ ಕರೆದುಕೊಂಡು ದಂಡೆಯಲ್ಲಿ ನಿಂತವರಿಗೆ ಎದುರಿನ ನೀರು ಯಾರ ಮನೆಯ ದೀಪವೆಂಬ ಯೋಚನೆ ಬಂದಿರಲಾರದೆ?

ಇಂಥ ಕಣಿವೆಗೆ ಈಗ ಇನ್ನೊಂದು ಯೋಜನೆ ಬಂದಿದೆ. ಮೇಲಿನ ತಲಕಳಲೆಯ ಜಲಾಶಯದಿಂದ ಕೆಳಗಿನ ಗೇರುಸೊಪ್ಪೆಯ ಜಲಾಶಯಕ್ಕೆ ನೀರಿಳಿಸಿ ವಿದ್ಯುತ್ತನ್ನು ಪಡೆದು, ವಿದ್ಯುತ್ತು ಹೇರಳವಾಗಿರುವ ಹೊತ್ತಿನಲ್ಲಿ ಅದೇ ನೀರನ್ನು ಮತ್ತೆ ಮೇಲಕ್ಕೆತ್ತುವ ಭೂಗತ ಸ್ಥಾವರವದು. ೨೫೦ ಮೆಗಾವಾಟಿನ ಎಂಟು ಯಂತ್ರಗಳು, ಒಟ್ಟು ೨,೦೦೦ ಮೆಗಾವಾಟ್. ಸರಕಾರದವರ ವಾದವು ಹುರುಳಿಲ್ಲದ್ದಲ್ಲವೆಂಬುದನ್ನು ನಿಷ್ಪಕ್ಷಪಾತವಾಗಿ ಹೇಳಬೇಕು. ಕಲ್ಲಿದ್ದಲಿನ ಹೊಗೆಯನ್ನು ತಗ್ಗಿಸಬೇಕಾದರೆ ಬಿಸಿಲನ್ನೂ ಗಾಳಿಯನ್ನೂ ಆಶ್ರಯಿಸಬೇಕು. ಬಿಸಿಲು ಮಧ್ಯಾಹ್ನ ಹೆಚ್ಚು, ದೀಪ ಬೇಕಾದದ್ದು ಸಂಜೆಗೆ. ಹಗಲಿನ ಶಕ್ತಿಯನ್ನು ಎಲ್ಲಿಯಾದರೂ ಕೂಡಿಡಲೇಬೇಕು. ನೀರನ್ನೆತ್ತಿ ಇಳಿಸುವ ವಿಧಾನದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಶಕ್ತಿ ದಾರಿಯಲ್ಲಿಯೇ ನಷ್ಟವಾಗುವುದಾದರೂ ಉಪಾಯವು ಹಳೆಯದು, ನೆಚ್ಚತಕ್ಕದ್ದು. ಹೊಸ ಕಟ್ಟೆಯೂ ಬೇಕಿಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಬೂದಿಯನ್ನು ಉಸಿರಾಡುವವರ ಮುಂದೆ ನಿಂತು, ಕೂಡಿಡುವ ಯಾವ ಯೋಜನೆಯೂ ಬೇಡವೆಂದು ಹೇಳುವ ಧೈರ್ಯ ನಮಗಿಲ್ಲ.

ಆದರೆ ಸುರಂಗಗಳು ಕೊರೆಯಬೇಕಾದದ್ದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಸಹಜವಾಗಿ ಇಲ್ಲದ ಪ್ರಾಣಿಯದು. ಮರದ ತುದಿಯಿಂದ ತುದಿಗೆ ದಾಟುತ್ತ ಬದುಕುವ ಅದಕ್ಕೆ ಕಾಡಿನ ನಡುವೆ ಬಿದ್ದ ರಸ್ತೆಯೇ ಕಂದಕ. ಗುಡ್ಡ ಕುಸಿಯುವ ಭಯವು ಘಟ್ಟದವರಿಗೆ ಈಚಿನ ಮಳೆಗಾಲಗಳು ಕಲಿಸಿದ ಪಾಠ. ೨೦೨೫ರ ಸೆಪ್ಟೆಂಬರಿನಲ್ಲಿ ಕಾರ್ಗಲ್ಲಿನಲ್ಲಿಯೂ ಗೇರುಸೊಪ್ಪೆಯಲ್ಲಿಯೂ ಅಹವಾಲು ಸಭೆಗಳು ನಡೆದಾಗ ಜನರು ಇವನ್ನೆಲ್ಲ ಹೇಳಿದರು. ಎರಡು ಕಡೆಯಲ್ಲಿಯೂ ವಿರೋಧವೇ ಪ್ರಬಲವಾಗಿತ್ತು. ಅಷ್ಟು ಹೊತ್ತಿಗೆ ಸ್ಥಳ ನಿಶ್ಚಯವಾಗಿ, ನಕ್ಷೆ ಸಿದ್ಧವಾಗಿ, ಟೆಂಡರಿನ ವ್ಯವಹಾರವೂ ನಡೆದಿತ್ತು. ಲಗ್ನಪತ್ರಿಕೆ ಅಚ್ಚಾದ ಮೇಲೆ ಹುಡುಗಿಯನ್ನು ಒಪ್ಪಿಗೆಯೇ ಎಂದು ಕೇಳುವ ಪದ್ಧತಿ ಇದು. ಬೇರೆ ಜಲಾಶಯಗಳಲ್ಲಿ ಸಾಧ್ಯವೆ, ಬ್ಯಾಟರಿಗಳಿಂದ ಎಷ್ಟು ನಡೆದೀತು, ಯಾವುದಕ್ಕೆ ಎಷ್ಟು ಹಣ, ಎಷ್ಟು ಕಾಡು ಎಂಬ ತೂಕವನ್ನು ಜನರ ಮುಂದೆ ಮೊದಲೇ ಇಟ್ಟಿದ್ದರೆ ಉತ್ತರವು ಇದೇ ಆಗುತ್ತಿತ್ತೋ ಬೇರೆಯಾಗುತ್ತಿತ್ತೋ, ಹೇಳುವವರು ಯಾರು? ಆ ಪ್ರಶ್ನೆಯನ್ನು ಅವರಿಗೆ ಹಾಕಲೇ ಇಲ್ಲ. ಬೇಕೋ ಬೇಡವೋ ಎಂದಷ್ಟೇ ಕೇಳಿದರೆ, ಒಂದು ಸಲ ಮುಳುಗಿದವರು ಬೇಡವೆನ್ನದೆ ಮತ್ತೇನೆಂದಾರು!

ತೂಕ ಹಾಕುವ ಶಕ್ತಿ ನಮ್ಮ ಜನರಲ್ಲಿಲ್ಲವೆಂಬ ಮಾತನ್ನು ಅದೇ ಉತ್ತರ ಕನ್ನಡ ಜಿಲ್ಲೆಯ ಇತಿಹಾಸವೇ ಸುಳ್ಳು ಮಾಡಿದೆ. ಬೇಡ್ತಿ ನದಿಗೆ ಕಟ್ಟೆ ಹಾಕುವ ಯೋಜನೆ ಬಂದಾಗ ಶಿರಸಿಯ ತೋಟಗಾರರ ಸಹಕಾರಿ ಸಂಘದವರು ಕೇವಲ ಘೋಷಣೆ ಕೂಗಲಿಲ್ಲ. ೧೯೮೧ರಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ತಮ್ಮೂರಿಗೆ ಕರೆಸಿ ಗೋಷ್ಠಿ ನಡೆಸಿ, ಮುಳುಗುವ ಅಡಿಕೆ, ಏಲಕ್ಕಿ, ಮೆಣಸುಗಳ ಬೆಲೆಯನ್ನೂ ಕಾಡಿನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿದು, ಯೋಜನೆಯ ಲಾಭನಷ್ಟವನ್ನು ಸರಕಾರದ ಕಾಗದದ ಮೇಲೆಯೇ ಪರೀಕ್ಷೆ ಮಾಡಿಸಿದರು. ಯೋಜನೆ ನಿಂತಿತು. ಕೈಗಾದ ಅಣುಸ್ಥಾವರದ ವಿಷಯದಲ್ಲಿ ಹಾಗಾಗಲಿಲ್ಲ. ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ ೧೯೮೯ರ ಲೋಕಸಭೆಯ ಚುನಾವಣೆಗೆ ಆ ಜಿಲ್ಲೆಯಿಂದಲೇ ನಿಂತು, ಪರಿಸರದ ಪ್ರಶ್ನೆಯನ್ನು ಮತದಾರರ ಮುಂದಿಟ್ಟು, ಸೋತರು. ಕೈಗಾದಲ್ಲಿ ಇಂದು ನಾಲ್ಕು ಯಂತ್ರಗಳು ೮೮೦ ಮೆಗಾವಾಟ್ ಸಾಮರ್ಥ್ಯದಿಂದ ನಡೆಯುತ್ತಿವೆ. ಗೆದ್ದದ್ದು ಯಾರು, ಸೋತದ್ದು ಯಾರು ಎಂಬ ಚರ್ಚೆ ನಮಗೆ ಬೇಡ; ಎರಡು ಸಂದರ್ಭಗಳಲ್ಲಿಯೂ ಪ್ರಶ್ನೆಯು ಬಹಿರಂಗವಾಗಿ ಜನರ ಮುಂದೆ ಬಂದಿತ್ತೆಂಬುದನ್ನು ಗಮನಿಸಿದರೆ ಸಾಕು.

ಬಯಲುಸೀಮೆಯ ಉದಾಹರಣೆ ಬೇರೆ ಬಗೆಯದು. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನಲ್ಲಿ ತಿರುಮಣಿ ಮೊದಲಾದ ಐದು ಊರುಗಳ ಸುಮಾರು ೧೩,೦೦೦ ಎಕರೆಯ ಮೇಲೆ ೨,೦೫೦ ಮೆಗಾವಾಟಿನ ಸೌರ ಉದ್ಯಾನ ಹಬ್ಬಿದೆ. ಬಿಸಿಲಿನ ಸ್ಥಾವರಗಳಿಗೆ ಮೇಲೆ ಹೇಳಿದ ಅಹವಾಲು ಸಭೆಯ ಕಟ್ಟಳೆಯೇ ಇಲ್ಲ. ಆದಾಗ್ಯೂ ಅಲ್ಲಿ ನೆಲವನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ೫ರಂತೆ ಏರಿಕೆ. ಮಳೆಯೂ ಇಲ್ಲದ, ಫ್ಲೋರೈಡಿನಿಂದ ಕುಡಿಯುವ ನೀರೂ ಕೆಟ್ಟ ಆ ಸೀಮೆಯ ರೈತನಿಗೆ ಅದು ಒಪ್ಪತಕ್ಕ ಮಾತಾಗಿತ್ತು, ಒಪ್ಪಿದನು. ಸರಕಾರದವರ ಈ ಕ್ರಮವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಅವರು ಕೇಳಿದ್ದು ಪಹಣಿಯಲ್ಲಿ ಹೆಸರಿದ್ದವರನ್ನು. ಪರರ ಹೊಲದಲ್ಲಿ ಕಳೆ ಕಿತ್ತು ಕೂಲಿ ಪಡೆಯುತ್ತಿದ್ದವಳಿಗೂ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಪಹಣಿಯಲ್ಲಿ ಹೆಸರಿರಲಿಲ್ಲ.

ಇನ್ನು ನಮ್ಮ ವಾಚಕರ ಸ್ವಂತ ವಿಷಯಕ್ಕೆ ಬರೋಣ. ಪಟ್ಟಣಿಗರಾದ ನಮ್ಮನ್ನು ಈ ಪ್ರಶ್ನೆಯಲ್ಲಿ ಯಾರು ಕೇಳಿದ್ದಾರೆ? ಕೇಳುವ ಸಭೆ ನಮಗೂ ಒಂದಿದೆ. ವಿದ್ಯುತ್ ನಿಯಂತ್ರಣ ಆಯೋಗದವರು ದರ ನಿಗದಿ ಮಾಡುವ ಮುನ್ನ ಬಳಕೆದಾರರ ಆಕ್ಷೇಪಣೆಗಳನ್ನು ಆಲಿಸುತ್ತಾರೆ. ಅಲ್ಲಿ ಕಾರಖಾನೆಯವರೂ ವರ್ತಕರೂ ಬಂದು ಯೂನಿಟ್ಟಿಗೆ ಎಷ್ಟು ಪೈಸೆ ಹೆಚ್ಚಾಯಿತೆಂದು ವಾದಿಸುತ್ತಾರೆ. ಆ ಯೂನಿಟ್ಟು ಯಾವ ಕಣಿವೆಯಿಂದ ಬಂತೆಂಬ ಮಾತು ಅಲ್ಲಿ ಏಳುವುದಿಲ್ಲ. ಅತ್ತ ಕಾರ್ಗಲ್ಲಿನ ಸಭೆಯಲ್ಲಿ ಯೂನಿಟ್ಟಿನ ಬೆಲೆಯ ಮಾತು ಅಪ್ರಸ್ತುತ. ಪಟ್ಟಣದಲ್ಲಿ ಒಂದು ವಿಚಾರಣೆ, ಕಾಡಿನಲ್ಲಿ ಒಂದು ವಿಚಾರಣೆ. ಎರಡೂ ಒಂದೇ ತಂತಿಯ ಎರಡು ತುದಿಗಳಾಗಿದ್ದರೂ ಒಂದಕ್ಕೊಂದು ಮುಖ ನೋಡಿದ್ದಿಲ್ಲ. ಮೇಲಾಗಿ ೨೦೨೩ರ ಜುಲೈಯಿಂದ ಗೃಹಜ್ಯೋತಿ ಯೋಜನೆಯ ಪ್ರಕಾರ ತಿಂಗಳಿಗೆ ೨೦೦ ಯೂನಿಟ್ಟುಗಳ ಮಿತಿಯೊಳಗೆ ಮನೆಗಳ ವಿದ್ಯುತ್ತಿನ ಬೆಲೆಯನ್ನು ಸರಕಾರವೇ ತೆರುತ್ತಲಿದೆ. ಬಡವರ ಮನೆಗೆ ಬೆಳಕಾಯಿತೆಂದು ಕರುಬುವವರು ನಾವಲ್ಲ. ಆದರೆ ತಕ್ಕಮಟ್ಟಿಗೆ ಉಳ್ಳವನ ಕೈಗೂ ಸೊನ್ನೆಯ ಬಿಲ್ಲನ್ನಿತ್ತು, ವಿದ್ಯುತ್ತಿನ ವಿಷಯದಲ್ಲಿ ನಿನ್ನ ಅಭಿಪ್ರಾಯವೇನೆಂದು ಕೇಳಿದರೆ ಅವನು ಏನು ಹೇಳಿಯಾನು?

ಬೆಲೆಯನ್ನು ಎದುರಿಗಿಟ್ಟು ಕೇಳಿದರೆ ಜನರು ಒಲ್ಲೆವೆಂದು ಬಿಡುತ್ತಾರೆಂಬ ಭಯ ಮಂತ್ರಿಗಳಲ್ಲಿರುವುದು ಸಹಜ. ಸ್ವಿಟ್ಜರ್ಲೆಂಡ್ ದೇಶದಲ್ಲಿ ಹಾಗಾದದ್ದೂ ಉಂಟು. ಪೆಟ್ರೋಲಿನ ಮೇಲೆಯೂ ವಿಮಾನದ ಟಿಕೀಟಿನ ಮೇಲೆಯೂ ಕರಭಾರ ಹೆಚ್ಚಿಸುವ ಕಾನೂನನ್ನು ೨೦೨೧ರ ಜೂನಿನಲ್ಲಿ ಜನಮತಕ್ಕೆ ಹಾಕಿದಾಗ ನೂರಕ್ಕೆ ೫೧.೬ ಮತಗಳಿಂದ ಅದು ಬಿದ್ದುಹೋಯಿತು. ಅಲ್ಲಿಯವರು ಜನ ಮೂಢರೆಂದು ಕೈಚೆಲ್ಲಲಿಲ್ಲ. ಹೊಸ ಕರವನ್ನು ಬಿಟ್ಟು, ಮನೆ ಕಾಯಿಸುವ ಹಳೆಯ ಒಲೆಗಳನ್ನು ಬದಲಿಸುವವರಿಗೆ ಸಹಾಯಧನವನ್ನು ಸೇರಿಸಿ, ೨೦೫೦ರೊಳಗೆ ಹೊಗೆಯ ಲೆಕ್ಕವನ್ನು ಸೊನ್ನೆಗಿಳಿಸುವ ಇನ್ನೊಂದು ಕಾನೂನನ್ನು ೨೦೨೩ರ ಜೂನಿನಲ್ಲಿ ಮುಂದಿಟ್ಟರು, ನೂರಕ್ಕೆ ೫೯.೧ ಮಂದಿ ಒಪ್ಪಿದರು. ಅಲ್ಲಿ ಪ್ರತಿ ಮತದಾನಕ್ಕೂ ಮುನ್ನ ಪರ ವಿರೋಧದ ವಾದಗಳೆರಡನ್ನೂ ಅಚ್ಚುಹಾಕಿಸಿದ ಪುಸ್ತಿಕೆಯು ದೇಶದ ನಾಲ್ಕು ಭಾಷೆಗಳಲ್ಲಿ ಸಿದ್ಧವಾಗಿ ಮತದಾರನ ಮನೆಬಾಗಿಲಿಗೆ ಬರುತ್ತದೆ. ಅದು ಚಿಕ್ಕ ದೇಶ, ಸಿರಿವಂತ ದೇಶ ನಿಜ. ಆದರೆ ಪುಸ್ತಿಕೆ ಅಚ್ಚುಹಾಕಿಸಲಿಕ್ಕೆ ಸಿರಿ ಬೇಕಿಲ್ಲ.

ನಮ್ಮ ಶಾಸನಸಭೆಯವರು ಮಾಡತಕ್ಕದ್ದು ಇಷ್ಟೆ. ಮುಂದಿನ ಹತ್ತು ವರ್ಷಗಳಿಗೆ ನಾಡಿಗೆ ಎಷ್ಟು ಶಕ್ತಿ ಬೇಕು, ಅದನ್ನು ಪಡೆಯುವ ಮಾರ್ಗಗಳಾವುವು, ಒಂದೊಂದಕ್ಕೂ ಎಷ್ಟು ಹಣ, ಎಷ್ಟು ನೆಲ, ಎಷ್ಟು ಕಾಡು, ಯಾರ ಊರು ಎಂಬ ಲೆಕ್ಕವನ್ನು ಸ್ಥಳ ಗೊತ್ತುಮಾಡುವ ಮುನ್ನವೇ ಕನ್ನಡದಲ್ಲಿ, ಪೂರ್ಣವಾಗಿ, ಪ್ರಕಟಿಸಬೇಕು. ಅದರ ಮೇಲಿನ ವಿಚಾರಣೆಯು ಸಾಗರ, ಹೊನ್ನಾವರ, ಪಾವಗಡ, ರಾಯಚೂರುಗಳಲ್ಲಿ ನಡೆಯುವಂತೆಯೇ ಬೆಂಗಳೂರಿನಲ್ಲಿಯೂ ನಡೆಯಬೇಕು. ಬೆಂಗಳೂರಿನ ಸಭೆಗೆ ಕಾರ್ಗಲ್ಲಿನವರು ಬಂದು ಮಾತಾಡಲು ಸರಕಾರದವರೇ ಬಸ್ಸಿನ ಖರ್ಚು ಕೊಡಬೇಕು.